ಸೆರೆಯಿಂದ ಹಾರಿ ಬಂದವನಿಗೆ ಸಂಶಯದ ಸ್ವಾಗತ

ಪದಕ ಹಂಚುವುದು ಎಲ್ಲ ಸರ್ಕಾರಗಳಿಗೂ ಸುಲಭದ ಕೆಲಸ. ಶತ್ರುವಿನ ಕೈಗೆ ಸಿಕ್ಕಿ, ಬದುಕಿ ಹಿಂತಿರುಗಿದ ಸಿಪಾಯಿಯನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ನೋಡಿದರೆ ಮಾತ್ರ ಒಂದು ಸರ್ಕಾರ ಯಾರದೆಂಬುದು ಗೊತ್ತಾಗುತ್ತದೆ. ರಷ್ಯದ ವೈಮಾನಿಕ ಮಿಖಾಯಿಲ್ ದೆವ್ಯತಾಯೆವ್‌ನ ಸಂಗತಿಯನ್ನು ನಾವು ಈ ವಾರ ಓದುಗರ ಮುಂದಿಡುತ್ತಿರುವುದು ಇದಕ್ಕಾಗಿಯೇ.

ಈತ 1917ರಲ್ಲಿ ಮೊರ್ದೋವಿಯ ಪ್ರಾಂತದ ತೊರ್ಬೆಯೆವೊ ಎಂಬಲ್ಲಿ ಬಡ ಕುಟುಂಬದ ಹದಿಮೂರನೆಯ ಮಗುವಾಗಿ ಹುಟ್ಟಿದವನು. ಕಜಾನ್ ಪಟ್ಟಣದಲ್ಲಿ ನದಿ ಹಡಗುಗಳ ಕೆಲಸ ಕಲಿತು, ಅಲ್ಲಿಂದ ವಿಮಾನದಳ ಸೇರಿದ. 1941ರಲ್ಲಿ ಗಾಯಗೊಂಡು, ಕೆಲಕಾಲ ನಿಧಾನಗತಿಯ ಚಿಕ್ಕ ವಿಮಾನದಲ್ಲಿ ಟಪಾಲನ್ನೂ ಗಾಯಾಳುಗಳನ್ನೂ ಸಾಗಿಸಿದ. 1944ರಲ್ಲಿ ಮತ್ತೆ ಯುದ್ಧವಿಮಾನ ಹತ್ತಿದ. ಅದೇ ವರ್ಷ ಜುಲೈ 13ರಂದು ಲ್ವೊವ್ ಪ್ರದೇಶದಲ್ಲಿ ವಿಮಾನಕ್ಕೆ ಬೆಂಕಿ ಬಿದ್ದು, ಸುಟ್ಟ ಮೈಯಲ್ಲೇ ಪ್ಯಾರಾಶೂಟಿನಿಂದ ಇಳಿದು ಜರ್ಮನರ ಕೈಗೆ ಸಿಕ್ಕಿದ.

ಒಂದು ಶಿಬಿರದಲ್ಲಿ ಸುರಂಗ ತೋಡಿ ಸಿಕ್ಕಿಬಿದ್ದುದರಿಂದ ಆತನನ್ನು ಸಾಕ್ಸೆನ್‌ಹೌಸೆನ್ ಎಂಬ ಯಮಕೂಪಕ್ಕೆ ಅಟ್ಟಿದರು. ಅಲ್ಲಿ ಆತನ ಪ್ರಾಣ ಉಳಿಸಿದ್ದು ಸತ್ತವನೊಬ್ಬನ ಹೆಸರು. ಶಿಬಿರದ ಕ್ಷೌರಿಕನೊಬ್ಬ ಇವನ ಬಿಲ್ಲೆ ತೆಗೆದು, ತೀರಿಕೊಂಡಿದ್ದ ಉಕ್ರೇನಿನ ಶಾಲಾಮಾಸ್ತರನೊಬ್ಬನ ಬಿಲ್ಲೆ ಕೊಟ್ಟ. ಅಂದಿನಿಂದ ವೈಮಾನಿಕನು ಮೇಷ್ಟರಾದ. (ಮೇಷ್ಟರ ಹೆಸರು ಇಷ್ಟು ಬೆಲೆ ಬಾಳಿದ ಇನ್ನೊಂದು ಸಂದರ್ಭ, ಅದೇ ಕಸುಬು ಮಾಡಿ ಬಂದ ನಮಗಂತೂ ತಿಳಿಯದು.) ಆ ಹೆಸರಿನಲ್ಲೇ ಆತನನ್ನು ಬಾಲ್ಟಿಕ್ ಸಮುದ್ರದ ಉಸೆಡೋಮ್ ದ್ವೀಪಕ್ಕೆ ಕೂಲಿಗಾಗಿ ಸಾಗಿಸಿದರು. ಲಂಡನಿನ ಮೇಲೆ ಬಿದ್ದ ವಿ-2 ರಾಕೆಟ್ಟುಗಳನ್ನು ಪರೀಕ್ಷಿಸಿದ ಪೀನೆಮ್ಯುಂಡೆ ಇದ್ದದ್ದು ಅಲ್ಲಿಯೇ. ವಿಮಾನ ನಿಲ್ದಾಣದ ಹಿಮ ಬಳಿಯುವುದು, ಬಾಂಬಿನ ಗುಂಡಿ ತುಂಬುವುದು ಸೆರೆಯಾಳುಗಳ ಪಾಲಿನ ಕೆಲಸ. ಗುಜರಿಗೆ ಬಿದ್ದ ವಿಮಾನಗಳ ಒಳಗೆ ಇಣುಕಿ ಯಾವ ಗುಂಡಿ ಎಲ್ಲಿದೆಯೆಂದು ದೆವ್ಯತಾಯೆವ್ ಕದ್ದು ಕಲಿತ.

1945ರ ಫೆಬ್ರವರಿ 8. ಕಾವಲುಗಾರರು ಊಟಕ್ಕೆ ಹೋದ ಹೊತ್ತು. ಹತ್ತು ಮಂದಿ ಸೆರೆಯಾಳುಗಳು ತಮ್ಮೊಡನಿದ್ದ ಪಹರೆಯವನನ್ನು ಹಾರೆಯಿಂದ ಹೊಡೆದು ಕೆಡವಿದರು. ಒಬ್ಬ ಅವನ ಸಮವಸ್ತ್ರ ತೊಟ್ಟು, ಉಳಿದವರನ್ನು ಕೆಲಸಕ್ಕೆ ನಡೆಸುವವನಂತೆ ಮುಂದೆ ನಡೆಸಿದ. ಹತ್ತಿದ್ದು ಎರಡು ಎಂಜಿನಿನ ಹೈಂಕೆಲ್ ಬಾಂಬರ್. ದೆವ್ಯತಾಯೆವ್ ಅದನ್ನು ಎಂದೂ ಹಾರಿಸಿದವನಲ್ಲ. ಬ್ಯಾಟರಿ ಇರಲಿಲ್ಲ, ಹುಡುಕಿ ತಂದರು. ಮೊದಲ ಓಟದಲ್ಲಿ ವಿಮಾನ ನೆಲ ಬಿಡಲಿಲ್ಲ. ಹಸಿವಿನಿಂದ ಎಲುಬುಗೂಡಾಗಿದ್ದ ದೇಹಗಳು. ಒಬ್ಬನ ತೋಳಿಗೆ ಆ ಸನ್ನೆಗೋಲು ಬಗ್ಗದೆ, ಸಂಗಾತಿಗಳೂ ಕೂಡಿ ಒತ್ತಬೇಕಾಯಿತು. ಜರ್ಮನರು ಓಡಿಬರುತ್ತಿರುವಾಗಲೇ ತಿರುಗಿಸಿ, ಎರಡನೆಯ ಓಟದಲ್ಲಿ ಮೇಲೆದ್ದರು. ಗಡಿ ದಾಟುವಾಗ, ಜರ್ಮನ್ ಗುರುತಿನ ವಿಮಾನವಾದ್ದರಿಂದ, ಸ್ವಂತ ಸೈನ್ಯದ ಫಿರಂಗಿಗಳೇ ಹೊಡೆದುವು. ಆದರೂ ಹತ್ತೂ ಮಂದಿ ಬದುಕಿ ಇಳಿದರು.

ಇಳಿದ ಮೇಲೆ? ಸ್ಟಾಲಿನ್ 1941ರ ಆಗಸ್ಟಿನಲ್ಲಿ ಹೊರಡಿಸಿದ 270ನೆಯ ಆಜ್ಞೆ ಇವರನ್ನು ಕಾದಿತ್ತು. ಶರಣಾದ ಅಧಿಕಾರಿ ದ್ರೋಹಿ, ಅವನ ಕುಟುಂಬ ಬಂಧನಕ್ಕೆ ಅರ್ಹ ಎಂಬುದು ಅದರ ಸಾರ. ಸ್ಟಾಲಿನ್ನನ ಸ್ವಂತ ಮಗ ಯಾಕೊವ್ ಸೆರೆಸಿಕ್ಕಾಗ ಅವನ ಹೆಂಡತಿಯನ್ನೂ ಬಂಧಿಸಿದರು. ಯಾಕೊವ್ ಸತ್ತದ್ದು 1943ರಲ್ಲಿ, ಅದೇ ಸಾಕ್ಸೆನ್‌ಹೌಸೆನ್ನಿನಲ್ಲಿ. ಜರ್ಮನರ ಸೆರೆಯಲ್ಲಿ ಹಸಿವು, ಚಳಿ, ಗುಂಡಿಗೆ ಸುಮಾರು 33 ಲಕ್ಷ ಸೋವಿಯತ್ ಸಿಪಾಯಿಗಳು ಬಲಿಯಾದರೆಂದು ಇತಿಹಾಸಕಾರರ ಅಂದಾಜು. ಇದಕ್ಕೆ ಮೊದಲ ಹೊಣೆ ಹಿಟ್ಲರನದೇ, ಅನುಮಾನವಿಲ್ಲ. ಆದರೆ ಆ ನರಕದಿಂದ ಹೊರಬಂದವನನ್ನು ಮತ್ತೆ ಕಟಕಟೆಗೆ ನಿಲ್ಲಿಸಿದ್ದು ಹಿಟ್ಲರನಲ್ಲ.

ದೆವ್ಯತಾಯೆವ್‌ನನ್ನು ವಿಚಾರಣೆಯ ಮೇಲೆ ವಿಚಾರಣೆಗೆ ಗುರಿಪಡಿಸಿದರು. ಯುದ್ಧ ಮುಗಿದ ಮೇಲೆ ಕಜಾನಿಗೆ ಬಂದರೆ, ಸೆರೆಯಲ್ಲಿದ್ದವನಿಗೆ ಕೆಲಸ ಕೊಡುವವರಿಲ್ಲ. ವೈಮಾನಿಕ ನದಿಯ ಬಂದರಿನಲ್ಲಿ ಹಮಾಲಿಯಾಗಿ ಮೂಟೆ ಹೊತ್ತ.

ಕಮ್ಯುನಿಸ್ಟ್ ಮಿತ್ರರು ಕೇಳಬಹುದು: ಯುದ್ಧಕಾಲ, ಗೂಢಚಾರರು ನುಸುಳಲಾರರೆ? ನುಸುಳಬಹುದು. ಒಂದು ತಿಂಗಳು ವಿಚಾರಿಸಲಿ, ಎರಡು ತಿಂಗಳು ವಿಚಾರಿಸಲಿ. ಕಳುವಾದ ಅಂಗಡಿಯ ಸಾಹುಕಾರನನ್ನೇ ಪೊಲೀಸರು ಮೊದಲು ಗದರಿಸುವುದನ್ನು ನಮ್ಮ ಪೇಟೆಯ ವರ್ತಕರು ಬಲ್ಲರು. ಮುಷ್ಕರದಲ್ಲಿ ಜೈಲಿಗೆ ಹೋಗಿ ಬಂದ ಕಾರ್ಮಿಕನನ್ನು ಮಿಲ್ಲಿನ ಗೇಟಿನಲ್ಲಿ ಹೇಗೆ ನೋಡುತ್ತಾರೆಂಬುದನ್ನು ನಮ್ಮ ಕಾರ್ಮಿಕ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಮಾಲೀಕ ಹಾಗೆ ಮಾಡಿದರೆ ಅದು ಬಂಡವಾಳಶಾಹಿಯ ಬುದ್ಧಿ ಎನ್ನುತ್ತೇವೆ. ಕಾರ್ಮಿಕರದೇ ರಾಜ್ಯವೆಂದು ಹೇಳಿಕೊಂಡವರು ಮಾಡಿದಾಗ ಏನನ್ನಬೇಕು?

ಆಚೆಯವರೇನೂ ಮೇಲಲ್ಲ. ಪೀನೆಮ್ಯುಂಡೆಯ ರಾಕೆಟ್ಟುಗಳ ಮುಖ್ಯ ಶಿಲ್ಪಿ ವೆರ್ನರ್ ಫಾನ್ ಬ್ರೌನ್, ಹಿಟ್ಲರನ ಎಸ್.ಎಸ್. ದಳದ ಸದಸ್ಯ, 1945ರಲ್ಲೇ ಅಮೆರಿಕ ಸೇರಿದ. ಅಲ್ಲಿ ಅವನಿಗೆ ಸಿಕ್ಕಿದ್ದು ಪ್ರಯೋಗಶಾಲೆ, ಪೌರತ್ವ, ಮಾನಸನ್ಮಾನ. ಅದೇ ಜಾಗದಲ್ಲಿ ಹಿಮ ಬಳಿದವನಿಗೆ ಕಜಾನಿನ ಮೂಟೆ!

ಸ್ಟಾಲಿನ್ ಸತ್ತು ನಾಲ್ಕು ವರ್ಷವಾದ ಮೇಲೆ, 1957ರ ಆಗಸ್ಟ್ 15ರಂದು, ನಾವು ಸ್ವಾತಂತ್ರ್ಯದ ಹತ್ತನೆಯ ವರ್ಷ ಆಚರಿಸುತ್ತಿದ್ದ ದಿನವೇ, ದೆವ್ಯತಾಯೆವ್‌ನಿಗೆ ಸೋವಿಯತ್ ಒಕ್ಕೂಟದ ವೀರ ಎಂಬ ಬಿರುದು ಬಂತು. ಹಾರಿ ಬಂದು ಹನ್ನೆರಡು ವರ್ಷ ಕಳೆದಿತ್ತು. ಆಮೇಲೆ ಆತ ವೋಲ್ಗಾ ನದಿಯಲ್ಲಿ ವೇಗದ ಹಡಗುಗಳ ಕಪ್ತಾನನಾಗಿ ದುಡಿದು, 2002ರಲ್ಲಿ ಕಜಾನಿನಲ್ಲೇ ತೀರಿಕೊಂಡ. ಹೆಸರಾದ ಒಬ್ಬನಿಗೆ ಇಷ್ಟಾದರೂ ಆಯಿತು. ಹೆಸರಿಲ್ಲದ ಲಕ್ಷಾಂತರ ಮಾಜಿ ಸೆರೆಯಾಳುಗಳಿಗೆ ಪೂರ್ಣ ಹಕ್ಕು ಹಿಂತಿರುಗಿಸುವ ಆಜ್ಞೆ ಹೊರಟದ್ದು 1995ರ ಜನವರಿಯಲ್ಲಿ, ಸೋವಿಯತ್ ಒಕ್ಕೂಟವೇ ಅಳಿದ ಮೇಲೆ. ಆ ಹೈಂಕೆಲಿನಲ್ಲಿ ಅವನೊಡನೆ ಬಂದ ಒಂಬತ್ತು ಮಂದಿಯಲ್ಲಿ ಹೆಚ್ಚಿನವರನ್ನು ಬಂದ ಕೆಲವೇ ವಾರಗಳಲ್ಲಿ ಕಾಲ್ದಳಕ್ಕೆ ಸೇರಿಸಿ ರಣರಂಗಕ್ಕೆ ಕಳಿಸಿದ್ದರು. ಅವರಲ್ಲಿ ಬಹುಮಂದಿ ಮಡಿದು ಅಷ್ಟು ಹೊತ್ತಿಗೆ ಐವತ್ತು ವರ್ಷವಾಗುತ್ತ ಬಂದಿತ್ತು.