ಸೇಬಿನ ಮೊದಲಕ್ಷರ

ಇಂಗ್ಲಿಷ್ ಅಕ್ಷರಮಾಲೆಯ ಚಿತ್ರಪಟವನ್ನು ಕಾಣದ ಮಗು ಅಪರೂಪ. ‘ಎ’ ಎಂಬ ಅಕ್ಷರ. ಅದರ ಕೆಳಗೆ ಕೆಂಪಗೆ ಹೊಳೆಯುವ ಆ್ಯಪಲ್. ಈ ಪಟವನ್ನೇ ಯಾರಾದರೊಬ್ಬ ಪುಣ್ಯಾತ್ಮರು ಸ್ಪ್ಯಾನಿಷ್ ಭಾಷೆಗೆ ಅನುವಾದಿಸಿದರೆಂದು ಭಾವಿಸಿರಿ. ಸೇಬಿಗೆ ಸ್ಪ್ಯಾನಿಷಿನಲ್ಲಿ ‘ಮನ್ಸಾನಾ’ ಎನ್ನುತ್ತಾರೆ. ಅಕಾರದ ಮನೆಯಲ್ಲಿ ಮಕಾರದ ಹಣ್ಣು ಬಂದು ಕುಳಿತಂತಾಯಿತು!

ನಗುವಂತಹ ಸಂಗತಿಯೇನೋ ನಿಜ. ಆದರೆ ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಾಠ ಹೇಳುವ ಉಪಾಧ್ಯಾಯಿನಿಯರಿಗೆ ಇದು ನಿತ್ಯದ ತಲೆನೋವು. ಅವರಿಗೆ ದೊರೆಯುವ ಉಪಕರಣಗಳಲ್ಲಿ ಎಷ್ಟೋ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿದವು. ಸ್ಪ್ಯಾನಿಷಿನ ಅಂಗಿಯನ್ನು ಆಮೇಲೆ ತೊಡಿಸಿದ್ದು.

ಈ ಬಗೆಯ ಶಿಕ್ಷಣಕ್ಕೆ ಹೆಸರಾಂತ ಆರಂಭ ದೊರೆತದ್ದು ಮಯಾಮಿ ನಗರದ ಕೋರಲ್ ವೇ ಶಾಲೆಯಲ್ಲಿ, 1963ರಲ್ಲಿ. 1959ರ ಕ್ಯೂಬಾ ಕ್ರಾಂತಿಯ ತರುವಾಯ ಅಲ್ಲಿಗೆ ಬಂದಿಳಿದ ಕುಟುಂಬಗಳ ಮಕ್ಕಳೂ ಸ್ಥಳೀಯ ಮಕ್ಕಳೂ ದಿನದ ಒಂದು ಭಾಗ ಒಂದು ಭಾಷೆಯಲ್ಲಿ, ಇನ್ನೊಂದು ಭಾಗ ಮತ್ತೊಂದು ಭಾಷೆಯಲ್ಲಿ ಕಲಿತರು. ಫೋರ್ಡ್ ಪ್ರತಿಷ್ಠಾನ ಹಣ ಕೊಟ್ಟಿತು. 1968ರಲ್ಲಿ ದ್ವಿಭಾಷಾ ಶಿಕ್ಷಣದ ಕಾಯಿದೆಗೆ ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ನರು, 1928ರಲ್ಲಿ ಟೆಕ್ಸಾಸಿನ ಕೊಟುಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು. ಆದರೆ ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ಇಂತಹ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿದರು. 2016ರಲ್ಲಿ ಅವರೇ ಆ ನಿರ್ಬಂಧವನ್ನು ತೆಗೆದುಹಾಕಿದರು. ನಡುವೆ ಹದಿನೆಂಟು ವರ್ಷ! ಒಂದು ಮಗು ಒಂದನೆಯ ತರಗತಿಯಿಂದ ಕಾಲೇಜಿನವರೆಗೆ ಬೆಳೆಯಲು ಸಾಕಾಗುವಷ್ಟು ಕಾಲ.

ಅನುವಾದದಿಂದ ಏನು ಕೆಡುತ್ತದೆಂದು ಕೇಳಬಹುದು. ಸ್ಪ್ಯಾನಿಷ್ ಬಹುಮಟ್ಟಿಗೆ ಬರೆದಂತೆಯೇ ಓದುವ ಭಾಷೆ. ಅಲ್ಲಿನ ಮಕ್ಕಳು ‘ಮಾ, ಮೇ, ಮೀ, ಮೋ, ಮೂ’ ಎಂದು ಕೂಡಿಸಿ ಓದುವುದನ್ನು ಕೇಳಿದರೆ ನಮ್ಮ ಕಾಗುಣಿತವೇ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ಎಷ್ಟೋ ಪದಗಳನ್ನು ಮುಖ ನೋಡಿ ಗುರುತು ಹಿಡಿಯಬೇಕು. ಅಂತಹ ಪದಗಳ ಪಟ್ಟಿಯನ್ನು ಸ್ಪ್ಯಾನಿಷಿಗೆ ತಿರುಗಿಸಿ ಕಂಠಪಾಠ ಮಾಡಿಸಿದರೆ, ಸುಲಭವಾಗಿ ಓದಬಲ್ಲ ಮಗುವಿಗೆ ವೃಥಾ ಹೊರೆ ಹೊರಿಸಿದಂತೆ. ಗೋಡೆಯ ಪಟ ಹಳೆಯದಾಗಿದ್ದರೆ ಇನ್ನೊಂದು ತೊಡಕು: ಅದರಲ್ಲಿ 29 ಅಕ್ಷರಗಳಿರುತ್ತವೆ. ಸ್ಪ್ಯಾನಿಷ್ ಭಾಷಾ ಅಕಾಡೆಮಿಗಳು 2010ರಲ್ಲಿ ಜೋಡಿ ಅಕ್ಷರಗಳೆರಡನ್ನು ಕೈಬಿಟ್ಟ ಮೇಲೆ ಉಳಿದವು 27.

ಪದಗಳ ಗೊಂದಲವಂತೂ ಸ್ವಾರಸ್ಯಕರ. ಬಸ್ಸಿಗೆ ಕ್ಯೂಬಾದವರು ‘ಗ್ವಾಗ್ವಾ’ ಎನ್ನುತ್ತಾರೆ. ಮೆಕ್ಸಿಕೊದವರು ‘ಕಾಮಿಯೋನ್’ ಎನ್ನುತ್ತಾರೆ. ಚಿಲಿ ದೇಶದ ತಾಯಿಗೆ ಮಾತ್ರ ‘ಗ್ವಾಗ್ವಾ’ ಎಂದರೆ ತೊಡೆಯ ಮೇಲಿನ ಹಸುಗೂಸು. ಗ್ವಾಗ್ವಾ ಹತ್ತಿ ಶಾಲೆಗೆ ಹೊರಡುವ ಪಾಠವನ್ನು ಆಕೆಯ ಮಗ ಓದಿದರೆ ಏನೆಂದುಕೊಳ್ಳಬೇಕು!

ಹಾಗಾದರೆ ಒಳ್ಳೆಯ ಸಾಮಗ್ರಿ ಎಲ್ಲಿದೆ? ಮೊದಲನೆಯದಾಗಿ ಗ್ರಂಥಾಲಯದಲ್ಲಿ. ಪೋರ್ಟೊರಿಕೊದಿಂದ ಬಂದ ಪುರಾ ಬೆಲ್‌ಪ್ರೆ ಎಂಬಾಕೆ 1921ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಕಪಾಟುಗಳಲ್ಲಿ ತನ್ನ ನಾಡಿನ ಕಥೆಗಳಿಲ್ಲದಿರುವುದನ್ನು ಕಂಡು, ಮನೆಯಲ್ಲಿ ಕೇಳಿದ ಕಥೆಗಳನ್ನು ತಾವೇ ಎರಡು ಭಾಷೆಗಳಲ್ಲಿ ಹೇಳತೊಡಗಿದರು, ಗೊಂಬೆಗಳನ್ನೂ ಕುಣಿಸಿದರು. ಜಿರಲೆಯ ಕುವರಿ ಇಲಿಯನ್ನು ವರಿಸುವ ಅವರ ಕಥೆ 1932ರಲ್ಲಿ ಅಚ್ಚಾಯಿತು. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಬಹುಮಾನವಿದೆ. ಹೊಸ ಉಪಾಧ್ಯಾಯಿನಿಗೆ ಆ ಬಹುಮಾನಿತ ಪುಸ್ತಕಗಳ ಪಟ್ಟಿ ಸಾವಿರ ಜಾಹೀರಾತುಗಳಿಗಿಂತ ಮೇಲು.

ಎರಡನೆಯ ಮೂಲ ನೆರೆಯ ದೇಶ. ಮೆಕ್ಸಿಕೊ ಸರಕಾರ 1959ರಲ್ಲಿ ಉಚಿತ ಪಠ್ಯಪುಸ್ತಕಗಳ ಆಯೋಗವೊಂದನ್ನು ಸ್ಥಾಪಿಸಿತು. ಅದರ ಪುಸ್ತಕಗಳನ್ನು ಈಗ ಅಂತರಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಓದುಬರಹಕ್ಕೆ ಅವು ಒದಗುತ್ತವೆ. ಇತಿಹಾಸದ ಪಾಠಗಳಿಗೆ ಅಷ್ಟಾಗಿ ಒದಗುವುದಿಲ್ಲ. ಮೆಕ್ಸಿಕೊದ ‘ಲೋತೆರೀಯಾ’ ಆಟದ 54 ಚಿತ್ರದ ಎಲೆಗಳೂ ಅಗ್ಗವಾಗಿ ಸಿಗುತ್ತವೆ. ಹೆಸರು ಕೂಗಿದಂತೆ ಮಕ್ಕಳು ತಮ್ಮ ಹಲಗೆಯ ಮೇಲೆ ಕಾಳಿಡುತ್ತಾರೆ. ಪಾಠವೆಂಬ ಅರಿವೇ ಇಲ್ಲದೆ ಪದಗಳು ಬಾಯಿಗೆ ಬರುತ್ತವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಅರಿಜೋನಾದ ಟೂಸಾನ್ ನಗರದಲ್ಲಿ ಲೂಯಿಸ್ ಮೋಲ್ ಮತ್ತು ಅವರ ಸಂಗಡಿಗರು ಉಪಾಧ್ಯಾಯರನ್ನು ಮಕ್ಕಳ ಮನೆಗಳಿಗೇ ಕಳುಹಿಸಿದರು. ಆ ಅನುಭವವನ್ನು 1992ರಲ್ಲಿ ಪ್ರಕಟಿಸಿದರು. ದೂರು ಹೇಳಲು ಹೋದವರಲ್ಲ, ಕೇಳಿ ತಿಳಿಯಲು ಹೋದವರು. ಬೇಸಾಯ, ಕಟ್ಟಡದ ಕೆಲಸ, ಗಿಡಮೂಲಿಕೆ, ವ್ಯಾಪಾರ — ಹೀಗೆ ಆ ಮನೆಗಳಲ್ಲಿದ್ದ ತಿಳಿವಳಿಕೆ ತರಗತಿಯ ಪಾಠಕ್ಕೆ ವಸ್ತುವಾಯಿತು. ಇಂಗ್ಲಿಷ್ ಬಾರದೆಂದು ಶಾಲೆಯ ಬಾಗಿಲಲ್ಲಿಯೇ ಹಿಂಜರಿಯುವ ತಾಯಿ ಅಲ್ಲಿ ಕಲಿಸುವವಳಾದಳು.

ಅಂತಹ ಪಾಠಕ್ಕೆ ಖರ್ಚೂ ಇಲ್ಲ. ಗಾಳಿಪಟಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದರೆ ಸಾಕು. ಮೆಕ್ಸಿಕೊದ ಮಗು ‘ಪಾಪಲೋತೆ’ ಎನ್ನುತ್ತದೆ, ಪೋರ್ಟೊರಿಕೊದ್ದು ‘ಚಿರಿಂಗಾ’, ಗ್ವಾಟೆಮಾಲದ್ದು ‘ಬರ್ರಿಲೇತೆ’, ಚಿಲಿಯದು ‘ವೊಲಾಂತೀನ್’. ಕರಿಹಲಗೆಯ ಮೇಲೆ ನಾಲ್ಕನ್ನೂ ಬರೆದು, ಅವುಗಳ ಪಕ್ಕದಲ್ಲಿ ಇಂಗ್ಲಿಷಿನ ‘ಕೈಟ್’ ಎಂದು ಬರೆಯಬಹುದು.