ಉಪವಾಸದ ಜತೆ ವ್ಯಾಯಾಮ: ಹಟ ಬೇಡ, ಹೊತ್ತು ನೋಡಿ

ಏಕಾದಶಿ, ಸಂಕಷ್ಟಿಯ ಉಪವಾಸ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಈಗ ತೂಕ ಇಳಿಸಲೆಂದು ದಿನಕ್ಕೆ 16 ಗಂಟೆ ಉಪವಾಸವಿದ್ದು, ಉಳಿದ 8 ಗಂಟೆಯೊಳಗೆ ಉಣ್ಣುವ ಕ್ರಮವೂ ಬಂದಿದೆ. ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಜಿಮ್‌ನಲ್ಲಿ ಭಾರ ಎತ್ತಿ, ಕಿಕ್ಕಿರಿದ ಲೋಕಲ್ ರೈಲು ಹಿಡಿದು, ಮಧ್ಯಾಹ್ನದವರೆಗೆ ಏನೂ ತಿನ್ನದಿರುವುದು ಸಾಹಸವೇ ಹೊರತು ಆರೋಗ್ಯವಲ್ಲ.

ಉಪವಾಸದ ವೇಳೆ ನಡಿಗೆ, ಹಗುರ ಯೋಗಾಸನಗಳಿಂದ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಓಟ, ಭಾರ ಎತ್ತುವಿಕೆಯಂಥ ಶ್ರಮದ ವ್ಯಾಯಾಮವನ್ನು ಮಾತ್ರ ಊಟದ ಅವಧಿಗೆ ಹೊಂದಿಸಿಕೊಳ್ಳಬೇಕು. ಸಂಜೆ ಮನೆ ಸೇರುವುದೇ ತಡವಾಗುವವರು ಬೆಳಗ್ಗೆ 9ರಿಂದ ಸಂಜೆ 5ರೊಳಗೆ ಉಣ್ಣುವ ಕ್ರಮ ಇರಿಸಿಕೊಂಡರೆ, ಮುಂಜಾನೆಯ ವ್ಯಾಯಾಮದ ಬೆನ್ನಿಗೇ ಉಪಾಹಾರ ಸಿಗುತ್ತದೆ. ಅದರಲ್ಲಿ ಮೊಟ್ಟೆ, ಮೊಳಕೆ ಕಾಳು, ಮೊಸರು ಇದ್ದರೆ ಸ್ನಾಯುಗಳಿಗೂ ಪೋಷಣೆ. ನೀರಿಗೆ ಮಾತ್ರ ಉಪವಾಸ ಬೇಡ. ಇಲ್ಲಿನ ಸೆಖೆಗೆ, ಬೆವರಿಗೆ ಅದು ಬೇಕೇ ಬೇಕು.

ಹೆಚ್ಚಿನ ಅಪಾಯವಿರುವುದು ಮಧುಮೇಹಿಗಳಿಗೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಹಸಿದು ದಣಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಕೈನಡುಕ, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ತಕ್ಷಣ ವ್ಯಾಯಾಮ ನಿಲ್ಲಿಸಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಆಗ ಉಪವಾಸ ಮುರಿಯಿತೆಂಬ ಚಿಂತೆ ಸಲ್ಲದು. ಇಂಥವರು ವೈದ್ಯರನ್ನು ಕೇಳದೆ ಉಪವಾಸ ಆರಂಭಿಸಲೇಬಾರದು.

ನಮ್ಮ ಸಂಘ-ಸಂಸ್ಥೆಗಳ ವೈದ್ಯಕೀಯ ಶಿಬಿರಗಳಲ್ಲಿ ಸಕ್ಕರೆ ಪರೀಕ್ಷೆಗೆ ಉದ್ದದ ಸಾಲು ಇರುತ್ತದೆ. ಅಲ್ಲಿ ಚೀಟಿ ಕೊಟ್ಟು ಕಳುಹಿಸುವ ಮುನ್ನ "ಉಪವಾಸ ಮಾಡುತ್ತೀರಾ, ವ್ಯಾಯಾಮ ಯಾವಾಗ?" ಎಂದೂ ಕೇಳುವಂತಾಗಲಿ.