ಮಾತು ಉಡುಗಿದ ಹಿರಿಯರೊಡನೆ ನಮ್ಮ ನಡೆ

ವಜ್ರಳ್ಳಿಯ ಕಡೆಯ ಅಡಿಕೆ ತೋಟಗಳಲ್ಲಿ ದುಡಿದು ಹಣ್ಣಾದ ಹಿರಿಯರೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಕತ್ತಿಯಿಂದ ಅಡಿಕೆ ಸುಲಿಯುವುದನ್ನು ಅವರ ಕೈ ಮರೆತಿಲ್ಲ. 'ಕತ್ತಿ' ಎಂಬ ಹೆಸರು ಮಾತ್ರ ನಾಲಿಗೆಗೆ ಬಾರದು. 'ಅದು ಕೊಡು, ಅದೇ, ಅದು' ಎಂದು ತಡವರಿಸುತ್ತಾರೆ. ಯಲ್ಲಾಪುರದ ಪೇಟೆಗೆ ದಾರಿ ತಪ್ಪದೆ ಹೋಗಿ ಬರಬಲ್ಲರು, ಆದರೆ ಅಲ್ಲಿ ಯಾರನ್ನು ಕಂಡೆನೆಂದು ಹೇಳಲಾರರು. ಮನೆಯವರು ಮೊದಲು ನಗುತ್ತಾರೆ, ಅನಂತರ ಸಿಡುಕುತ್ತಾರೆ, ಕೊನೆಗೆ 'ಅಜ್ಜನಿಗೆ ಅರಳುಮರಳು' ಎಂದು ತೀರ್ಪಿತ್ತು, ಅವರನ್ನು ಯಾವ ವಿಷಯಕ್ಕೂ ಕೇಳುವುದನ್ನೇ ಬಿಡುತ್ತಾರೆ. ಈ ತೀರ್ಪಿನ ಬಗ್ಗೆಯೇ ಇಂದು ನಮ್ಮ ತಕರಾರು.

ಮಾತು ಹೋಗುವುದೂ ಬುದ್ಧಿ ಹೋಗುವುದೂ ಒಂದೇ ಅಲ್ಲ. 1892ರಲ್ಲಿಯೇ ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ ಮಿದುಳಿನ ಒಂದು ಭಾಗ ಸವೆದು ಮಾತು ಕುಂದಿದ ರೋಗಿಯ ಬಗ್ಗೆ ಬರೆದಿದ್ದರು. 1982ರಲ್ಲಿ ಅಮೆರಿಕದ ಮಾರ್ಸೆಲ್ ಮೆಸುಲಮ್ ಅವರು ಉಳಿದೆಲ್ಲ ಶಕ್ತಿಗಳು ಬಹುಮಟ್ಟಿಗೆ ಸರಿಯಾಗಿದ್ದು ಮಾತೊಂದೇ ವರ್ಷದಿಂದ ವರ್ಷಕ್ಕೆ ಕ್ಷೀಣಿಸಿದ ಆರು ಮಂದಿಯ ವಿವರವನ್ನು ಪ್ರಕಟಿಸಿದರು. ಇದೇ ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ. 2011ರಲ್ಲಿ ತಜ್ಞರು ಇದರಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ವಾಕ್ಯ ಕಟ್ಟಲು, ಉಚ್ಚರಿಸಲು ಕಷ್ಟವಾಗುವುದು ಒಂದು, ಪದಗಳ ಅರ್ಥವೇ ಅಳಿಸಿಹೋಗುವುದು ಇನ್ನೊಂದು, ಅರ್ಥ ಗೊತ್ತಿದ್ದರೂ ಪದ ಒದಗದಿರುವುದು ಮೂರನೆಯದು. ಅರವತ್ತು ದಾಟುವ ಮೊದಲೇ ಇದು ಆರಂಭವಾಗುವುದೂ ಉಂಟು. ಕಾಲಕ್ರಮದಲ್ಲಿ ಉಳಿದ ಶಕ್ತಿಗಳೂ ಕುಗ್ಗುತ್ತವೆ ನಿಜ. ಆದರೆ ಮೊದಲ ವರ್ಷಗಳಲ್ಲಿ ಆ ವ್ಯಕ್ತಿಗೆ ತನ್ನ ಸುತ್ತ ನಡೆಯುವುದೆಲ್ಲ ತಿಳಿಯುತ್ತಿರುತ್ತದೆ, ತನ್ನನ್ನು ಕಡೆಗಣಿಸಿದ್ದೂ ತಿಳಿಯುತ್ತಿರುತ್ತದೆ.

ಇದೇ ವರ್ಗದ ಬೇರೆ ಕಾಯಿಲೆಗಳೂ ಇವೆ. ಒಂದರಲ್ಲಿ ಕಣ್ಣು ಸರಿಯಿದ್ದರೂ ಓದಲು, ಎದುರಿಗಿರುವ ವಸ್ತುವನ್ನು ಹುಡುಕಲು ಆಗದು. ಇನ್ನೊಂದರಲ್ಲಿ ಸಜ್ಜನರಾಗಿದ್ದವರು ಒರಟಾಗುತ್ತಾರೆ, ನಾಚಿಕೆ ತೊರೆಯುತ್ತಾರೆ. ಇದು ಅವರ ಪಾಪವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಮಿದುಳಿನ ರೋಗ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಾತು ಒಮ್ಮಿಂದೊಮ್ಮೆಲೇ ನಿಂತರೆ ಅದು ಪಾರ್ಶ್ವವಾಯು ಆಗಿರಬಹುದು. ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಿಧಾನವಾಗಿ ಕುಂದುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ತೋರಿಸಬೇಕು. ರೋಗವನ್ನು ನಿಲ್ಲಿಸುವ ಔಷಧ ಇನ್ನೂ ದೊರೆತಿಲ್ಲ. ಆದರೂ ವಾಕ್ ಚಿಕಿತ್ಸೆಯಿಂದ, ಚಿತ್ರ ಮತ್ತು ಸನ್ನೆಗಳ ನೆರವಿನಿಂದ ಸಂವಹನವನ್ನು ಹೆಚ್ಚು ಕಾಲ ಉಳಿಸಿಕೊಳ್ಳಬಹುದು. ವೈದ್ಯರಿಗೆ ಮನೆಮಾತು ಯಾವುದೆಂದು ಮೊದಲೇ ತಿಳಿಸಬೇಕು. ನಮ್ಮ ಅನೇಕ ಹಿರಿಯರು ಕೊಂಕಣಿಯಲ್ಲಿ ಬಾಳಿದವರು. ನಮ್ಮ ಕ್ರೈಸ್ತ ಸಿದ್ಧಿ ಬಾಂಧವರ ಮನೆಮಾತೂ ಕೊಂಕಣಿಗೆ ಹತ್ತಿರದ್ದು. ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತ್ರ ಪರೀಕ್ಷಿಸಿದರೆ ಉಳಿದಿರುವ ಮಾತೂ ಲೆಕ್ಕಕ್ಕೆ ಸಿಗಲಾರದು.

ಹಲವು ಭಾಷೆ ಬಲ್ಲವರಿಗೆ ಈ ಭಯವಿಲ್ಲವೇ? ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಟ್ಟಿದ್ದು ಕಂಡುಬಂತು. ಓದುಬರಹ ಅರಿಯದವರಲ್ಲಿಯೂ ಈ ವ್ಯತ್ಯಾಸವಿತ್ತು. ಆದರೆ ತಡವಾಗುವುದೆಂದರೆ ತಪ್ಪುವುದಲ್ಲ. ಮಂಗಳೂರಿನ ಕಥೋಲಿಕ ಮನೆತನದಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಹತ್ತಾರು ಭಾಷೆಗಳ ವಾಗ್ಮಿ. ನಮ್ಮ ಜಿಲ್ಲೆಯ ಕರಾವಳಿಯುದ್ದಕ್ಕೂ ಓಡುವ ಕೊಂಕಣ ರೈಲಿನ ಕನಸನ್ನು ನನಸಾಗಿಸಿದವರಲ್ಲಿ ಪ್ರಮುಖರು. ಅಂಥವರೂ ಆಲ್‌ಝೈಮರ್ ಕಾಯಿಲೆಗೆ ತುತ್ತಾಗಿ, ವರ್ಷಗಟ್ಟಲೆ ಸಾರ್ವಜನಿಕ ಬದುಕಿನಿಂದ ದೂರವಾಗಿದ್ದು, 2019ರ ಜನವರಿ 29ರಂದು ತೀರಿಕೊಂಡರು.

ಹಾಗಾದರೆ ನಮ್ಮ ಕರ್ತವ್ಯವೇನು? ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯಾಜಕ ಜಕರೀಯನು ಮೂಕನಾಗುತ್ತಾನೆ. ಮಗುವಿಗೆ ಹೆಸರಿಡುವ ದಿನ ಬಂಧುಬಳಗದವರು ತಾವೇ ಹೆಸರನ್ನು ಗೊತ್ತುಮಾಡಿಕೊಂಡಿದ್ದರು. ಎಲಿಜಬೇತಳು ಒಪ್ಪದಿದ್ದಾಗ ಅವರು ತಂದೆಯ ಕಡೆ ತಿರುಗಿ, ಸನ್ನೆಮಾಡಿ ಕೇಳಿದರು. ಆತನು ಹಲಗೆ ತರಿಸಿ ಹೆಸರನ್ನು ಬರೆದನು. ಕೇಳಿದ್ದರಿಂದಲೇ ಉತ್ತರ ದೊರೆಯಿತು. ನಮ್ಮ ಮನೆಗಳಲ್ಲಿ ಜಮೀನಿನ ಪಾಲು, ಮೊಮ್ಮಗಳ ಮದುವೆ, ಔಷಧೋಪಚಾರ, ಇವೆಲ್ಲ ಮಾತು ಉಡುಗಿದವರ ಬೆನ್ನ ಹಿಂದೆ ತೀರ್ಮಾನವಾಗುತ್ತವೆ. ಅವರಿಂದ ಬೇಕಾದದ್ದು ಕಾಗದದ ಮೇಲೊಂದು ಹೆಬ್ಬೆಟ್ಟು ಮಾತ್ರ. ಇದು ಅನ್ಯಾಯ. 'ಹೌದು', 'ಅಲ್ಲ' ಎಂದು ತಲೆಯಾಡಿಸಬಲ್ಲಂಥ ಚಿಕ್ಕ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ಕಾಯುವ ತಾಳ್ಮೆ ನಮಗೆ ಬೇಕು. ಅವರ ಇಚ್ಛೆಗಳನ್ನು ಮಾತು ಉಳಿದಿರುವಾಗಲೇ ಅವರಿಂದ ತಿಳಿದು ಬರೆದಿಡಬೇಕು.

ದೇವಾಲಯದಲ್ಲಿಯೂ ಹೀಗೆಯೇ. 'ಅವರಿಗೇನು ತಿಳಿಯುತ್ತದೆ' ಎಂದು ಬಲಿಪೂಜೆಗೆ ಕರೆತರುವುದನ್ನು ನಿಲ್ಲಿಸುವ ಕುಟುಂಬಗಳಿವೆ. ಪಾಪನಿವೇದನೆಯನ್ನು ದುಭಾಷಿಯ ಮೂಲಕ ಮಾಡಲು ಧರ್ಮಸಭೆಯ ಕಾನೂನಿನ 990ನೇ ವಿಧಿ ಆಸ್ಪದ ಕೊಟ್ಟಿದೆ. ಬುದ್ಧಿ ಸ್ವಾಧೀನದಲ್ಲಿದ್ದಾಗ ಪರೋಕ್ಷವಾಗಿಯಾದರೂ ಬಯಸಿದ್ದ ವ್ಯಾಧಿಸ್ಥರಿಗೆ ಅಭ್ಯಂಗವನ್ನು ನೀಡಬೇಕೆಂದು 1006ನೇ ವಿಧಿ ಹೇಳುತ್ತದೆ. ಧರ್ಮಕೇಂದ್ರದ ಗುರುಗಳಿಗೆ ಸಮಯವಿರುವಾಗಲೇ ವಿಷಯ ತಿಳಿಸುವುದು ಮನೆಯವರ ಹೊಣೆ.

ಸ್ವಂತ ಮಾತು ಹೋದ ಮೇಲೂ ಬಾಯಿಪಾಠವಾದ ಪ್ರಾರ್ಥನೆ, ಹಾಡುಗಳು ಕೆಲವರಲ್ಲಿ ಬಹುಕಾಲ ಉಳಿಯುತ್ತವೆ. ಸಂಜೆಯ ಜಪಸರಕ್ಕೆ ಅವರನ್ನು ನಡುವೆ ಕೂರಿಸಿಕೊಳ್ಳೋಣ. 'ನಮಾನ್ ಮರಿಯೆ' ಎಂದು ನಾವು ಆರಂಭಿಸಿದರೆ ಅವರು ದನಿಗೂಡಿಸಬಹುದು. ಗೂಡಿಸದಿದ್ದರೂ ಮಣಿಗಳು ಅವರ ಬೆರಳುಗಳಲ್ಲಿಯೇ ಇರಲಿ. ತಂದೆಯ ಬುದ್ಧಿ ಕುಂದಿದರೂ ತಾಳಿಕೊಳ್ಳಬೇಕೆಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಮಕ್ಕಳಿಗೆ ಬೋಧಿಸುತ್ತದೆ. ಬುದ್ಧಿ ಇನ್ನೂ ಇದ್ದು ಮಾತು ಮಾತ್ರ ಕುಂದಿದವರ ವಿಷಯದಲ್ಲಿ ನಮ್ಮ ಹೊಣೆ ಮತ್ತಷ್ಟು ದೊಡ್ಡದಲ್ಲವೇ?